ಕರುವಿನ ಬದಲು ಕುರಿಮರಿ

ಅಬ್ಬೆ ದುಬುವಾ ಎಂಬ ಫ್ರೆಂಚ್ ಪಾದ್ರಿ ಒಮ್ಮೆ ತಮ್ಮ ಸಭೆಯವರಿಗೆ ಲೂಕನ ಸುವಾರ್ತೆಯ ತಪ್ಪಿಹೋದ ಮಗನ ಕಥೆ ಹೇಳುತ್ತಿದ್ದರು. ಆಸ್ತಿಯ ಪಾಲು ಹಿಡಿದು ಹೋಗಿ, ಎಲ್ಲವನ್ನೂ ಹಾಳುಮಾಡಿ, ಹಂದಿ ಕಾಯುವ ಸ್ಥಿತಿಗಿಳಿದು ಕೊನೆಗೆ ಮನೆಗೆ ಮರಳುವ ಕಿರಿಮಗ. ದೂರದಲ್ಲೇ ಅವನ ಗುರುತು ಹಿಡಿದು ಓಡಿಬಂದು ತಬ್ಬಿಕೊಳ್ಳುವ ತಂದೆ. ಮಗ ಬಂದ ಸಂತೋಷಕ್ಕೆ ತಂದೆ ಕೊಬ್ಬಿದ ಕರುವನ್ನು ಕಡಿಸಿ ಔತಣ ಮಾಡಿಸಿದ ಎಂಬುದನ್ನೂ ಪಾದ್ರಿ ಮೂಲದಲ್ಲಿರುವ ಹಾಗೆಯೇ ಹೇಳಿಬಿಟ್ಟರು. ಪ್ರವಚನ ಮುಗಿದ ಮೇಲೆ ಕೆಲವರು ಮುಖ ಗಂಟು ಹಾಕಿಕೊಂಡು ಬಂದರು. ಕರುವಿನ ಮಾತು ಎತ್ತಬಾರದಿತ್ತು, ಅನ್ಯಮತದವರು ಯಾರಾದರೂ ಕೇಳಿಸಿಕೊಂಡಿದ್ದರೆ ಕ್ರೈಸ್ತ ಧರ್ಮವೆಂದರೆ ಕೀಳುಜಾತಿಯವರ ಧರ್ಮ ಎಂಬ ಅವರ ಅನಿಸಿಕೆ ಇನ್ನಷ್ಟು ಗಟ್ಟಿಯಾಗುತ್ತಿತ್ತು ಎಂದರು. ಮುಂದೆ ಈ ಕಥೆ ಹೇಳುವಾಗ ಕರುವಿನ ಜಾಗದಲ್ಲಿ ಕುರಿಮರಿ ಇಟ್ಟುಕೊಳ್ಳಿ ಎಂದು ಸಲಹೆಯನ್ನೂ ಕೊಟ್ಟರು.

ದುಬುವಾ ಈ ಪ್ರಸಂಗವನ್ನು ತಾವೇ ಬರೆದಿದ್ದಾರೆ. 1792ರಲ್ಲಿ ಭಾರತಕ್ಕೆ ಬಂದ ಅವರು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದು ನೆಲೆಸಿದರು. ಇಲ್ಲಿಯವರಂತೆ ಉಟ್ಟು, ಇಲ್ಲಿಯವರಂತೆ ಉಂಡು ಬದುಕಿದ ಅವರನ್ನು ಜನ ದೊಡ್ಡಸ್ವಾಮಿಯವರು ಎಂದು ಕರೆಯುತ್ತಿದ್ದರು. ಭಾರತ ಬಿಟ್ಟ 1823ರಲ್ಲೇ ಅವರ ಪತ್ರಗಳು ಲಂಡನ್ನಿನಲ್ಲಿ ಪುಸ್ತಕವಾಗಿ ಬಂದವು. ಬೈಬಲನ್ನು ದೇಶಭಾಷೆಗೆ ತಂದು ಹಾಗೇ ಜನರ ಕೈಗೆ ಕೊಟ್ಟರೆ ಪ್ರಯೋಜನಕ್ಕಿಂತ ಹಾನಿಯೇ ಹೆಚ್ಚು ಎಂಬುದು ಅದರಲ್ಲಿ ಅವರ ವಾದ. ಕರುವಿನ ಪ್ರಸಂಗ ಅದಕ್ಕೊಂದು ಸಾಕ್ಷಿ. ಅದೇ ಕಾಲಕ್ಕೆ ಬಳ್ಳಾರಿಯಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಇಡೀ ಬೈಬಲನ್ನು ಕನ್ನಡಕ್ಕೆ ತರುತ್ತಿದ್ದರು. ಪುಸ್ತಕ ಜನರ ಕೈಸೇರಿದರೆ ಸಾಕು, ಉಳಿದದ್ದನ್ನು ದೇವರ ಮಾತೇ ನೋಡಿಕೊಳ್ಳುತ್ತದೆ ಎಂಬ ನಂಬಿಕೆ ಆ ಕಡೆಯವರದು. ದುಬುವಾಗೆ ಉತ್ತರವಾಗಿ ಮರುವರ್ಷವೇ ಜೇಮ್ಸ್ ಹಫ್ ಎಂಬ ಪಾದ್ರಿ ಒಂದು ಪುಸ್ತಕ ಬರೆದರು.

ಇದು ಧರ್ಮಪ್ರಚಾರದ ತಂತ್ರದ ಜಗಳವಾಗಿ ಮಾತ್ರ ನನಗೆ ಕಾಣುವುದಿಲ್ಲ. ಬೈಬಲ್ ದೈವಪ್ರೇರಿತ ಗ್ರಂಥವೇ ಎಂಬ ಪ್ರಶ್ನೆಯ ಗಂಟು ಆ ಕರುವಿನಲ್ಲೇ ಇದೆ. ಪ್ರತಿ ಮಾತನ್ನೂ ದೇವರೇ ಹೇಳಿ ಬರೆಸಿದ್ದಾದರೆ ಕರುವನ್ನು ಕುರಿಮರಿ ಮಾಡುವ ಹಕ್ಕು ಯಾರಿಗೂ ಇಲ್ಲ. ಕ್ಷಮಿಸುವ ತಂದೆಯೇ ಆ ಕಥೆಯ ತಿರುಳು, ಕರು ಆ ನಾಡಿನ ಔತಣದ ಪದ್ಧತಿ ಅಷ್ಟೇ ಎನ್ನುವುದಾದರೆ ಸಭೆಯವರು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ.

ಹೊಸೂರು, ದೆಂಕಣಿಕೋಟೆ, ತಳಿ, ಕೆಲಮಂಗಲದ ಓದುಗರಿಗೆ ಇದು ದೂರದ ಊರಿನ ಮಾತಲ್ಲ. 17ನೇ ಶತಮಾನದ ನಡುಭಾಗದಲ್ಲಿ ಇಟಲಿಯ ಯೇಸುಸಭೆಯ ಲಿಯೊನಾರ್ದೊ ಚಿನ್ನಾಮಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ ಶುರುಮಾಡಿದರು. ಅದರ ಮೂಡಣದ ನೆಲೆಗಳು ಇಂದಿನ ಧರ್ಮಪುರಿ, ಕೃಷ್ಣಗಿರಿ ಸೀಮೆಯವರೆಗೂ ಚಾಚಿದ್ದವು. ಧರ್ಮಪುರಿಯ ಕೋವಿಲೂರು ಅಂಥ ಹಳೆಯ ನೆಲೆ. 1792ರಲ್ಲಿ ಬಾರಾಮಹಲ್, 1799ರಲ್ಲಿ ಹೊಸೂರಿನ ಕಡೆಯ ಭಾಗ ಕಂಪನಿಯ ಕೈಸೇರುವವರೆಗೆ ಈ ನೆಲವೆಲ್ಲ ಮೈಸೂರಿನದೇ. ಈಗ ಎರಡೂ ಜಿಲ್ಲೆಗಳ ಕ್ಯಾಥೊಲಿಕರು 1997ರಲ್ಲಿ ಆದ ಧರ್ಮಪುರಿ ಧರ್ಮಪ್ರಾಂತ್ಯಕ್ಕೆ ಸೇರಿದವರು. ಕಾರ್ಖಾನೆಗಳು ಬಂದ ಮೇಲೆ ಹೊಸೂರಿಗೆ ಎಲ್ಲೆಲ್ಲಿಂದಲೋ ಜನ ಬಂದರು, ಅವರೊಂದಿಗೆ ಅವರವರ ಭಾಷೆಯ ಬೈಬಲ್‌ಗಳೂ ಬಂದವು. ಒಂದೇ ಬೀದಿಯ ಎರಡು ಮನೆಗಳಲ್ಲಿ ಎರಡು ಅಳತೆಯ ಬೈಬಲ್ ಇರುವುದುಂಟು: ಕ್ಯಾಥೊಲಿಕರದರಲ್ಲಿ 73 ಪುಸ್ತಕ, ಪ್ರೊಟೆಸ್ಟೆಂಟರದರಲ್ಲಿ 66. ಇಬ್ಬರಿಗೂ ತಮ್ಮದು ದೇವರ ಮಾತೇ.

ನಮ್ಮ ಕಡೆಯವರಿಗೆ ದೇವರ ಮಾತು ಎಂಬ ಕಲ್ಪನೆ ಹೊಸದೇನಲ್ಲ. ಆದರೆ ಒಂದೊಂದು ಪರಂಪರೆಯೂ ಅದನ್ನು ಬೇರೆ ಬೇರೆ ರೀತಿಯಲ್ಲಿ ತಿಳಿದಿದೆ. ಮೀಮಾಂಸಕರ ಪ್ರಕಾರ ವೇದಕ್ಕೆ ಕರ್ತೃವೇ ಇಲ್ಲ, ದೇವರೂ ಅದರ ಕರ್ತೃವಲ್ಲ. ನೈಯಾಯಿಕರು ಈಶ್ವರನೇ ಕರ್ತೃ ಎನ್ನುತ್ತಾರೆ. ಕೃಷ್ಣಗಿರಿಯ ಮುಸ್ಲಿಮರನ್ನು ಕೇಳಿದರೆ, ಜಿಬ್ರೀಲರ ಮೂಲಕ ಪ್ರವಾದಿಗೆ ಅಕ್ಷರಶಃ ಇಳಿದುಬಂದದ್ದು ಕುರ್‌ಆನ್ ಎನ್ನುತ್ತಾರೆ. ಗದುಗಿನ ವೀರನಾರಾಯಣನೇ ಕವಿ, ತಾನು ಬರೆದುಕೊಂಡವನು ಮಾತ್ರ ಎಂದ ಕುಮಾರವ್ಯಾಸ. ನಮ್ಮಾಳ್ವಾರರು ತಿರುವಾಯ್‌ಮೊಳಿಯ ಏಳನೇ ಶತಕದ ಒಂದು ದಶಕದುದ್ದಕ್ಕೂ, ತನ್ನೊಳಗೆ ನಿಂತು ತನ್ನನ್ನು ತಾನೇ ಹಾಡಿಕೊಂಡವನು ಭಗವಂತ ಎಂದು ಬೆರಗಾಗುತ್ತಾರೆ.

ಕುಮಾರವ್ಯಾಸನ ಮಾತನ್ನು ಸ್ವಲ್ಪ ನಿಂತು ನೋಡಬೇಕು. ವೀರನಾರಾಯಣ ಹೇಳಿದ, ಇವನು ಬರೆದ ಎಂದು ಭಕ್ತಿಯಿಂದ ಒಪ್ಪಿಕೊಂಡವರಿಗೂ ಆ ಕಾವ್ಯದ ಕನ್ನಡ ಕುಮಾರವ್ಯಾಸನದೇ ಎಂಬುದರಲ್ಲಿ ಅನುಮಾನವಿಲ್ಲ. ಆ ರೂಪಕಗಳ ಸುರಿಮಳೆ, ಆ ಭಾಮಿನಿಯ ಓಟ, ಭೀಮನನ್ನು ಕಂಡಾಗಿನ ಆ ಹುರುಪು ಬೇರೆ ಯಾರಿಗೂ ಬರುವುದಿಲ್ಲ. ದೇವರು ಆಡಿಸಿದ ಎನ್ನುವುದಕ್ಕೂ ಮನುಷ್ಯ ಬರೆದ ಎನ್ನುವುದಕ್ಕೂ ಅಲ್ಲಿ ಜಗಳವಿಲ್ಲ. ಬೈಬಲಿನ ವಿಷಯದಲ್ಲಿ ಕ್ರೈಸ್ತ ಚಿಂತಕರು ಎರಡು ಸಾವಿರ ವರ್ಷ ತಡಕಾಡಿರುವುದು ಬಹುಮಟ್ಟಿಗೆ ಈ ಜಾಗವನ್ನೇ.

ಬೈಬಲ್ ತನ್ನ ಬಗ್ಗೆ ತಾನೇ ಏನು ಹೇಳಿಕೊಳ್ಳುತ್ತದೆ? ಎಲ್ಲರೂ ಬೆರಳಿಟ್ಟು ತೋರಿಸುವುದು ತಿಮೊಥೆಯನಿಗೆ ಬರೆದ ಎರಡನೇ ಪತ್ರದ ಮೂರನೇ ಅಧ್ಯಾಯವನ್ನು. ಶಾಸ್ತ್ರವೆಲ್ಲ ದೇವರ ಉಸಿರಿನಿಂದ ಬಂದದ್ದು, ಬೋಧಿಸಲು ತಿದ್ದಲು ಉಪಯುಕ್ತ ಎಂಬ ಅರ್ಥದ ಮಾತು ಅಲ್ಲಿದೆ. ಆದರೆ ಆ ಪತ್ರ ಬರೆಯುವಾಗ ಹೊಸ ಒಡಂಬಡಿಕೆ ಎಂಬ ಸಂಪುಟವೇ ಇರಲಿಲ್ಲ. ಅಲ್ಲಿ ಶಾಸ್ತ್ರವೆಂದರೆ ತಿಮೊಥೆಯ ಬಾಲ್ಯದಿಂದ ಕಲಿತಿದ್ದ ಯೆಹೂದ್ಯರ ಗ್ರಂಥಗಳು. ಇಂದಿನ 27 ಪುಸ್ತಕಗಳ ಪಟ್ಟಿ ಹಾಗೇ ಮೊದಲು ಕಾಣಸಿಗುವುದು ಅಲೆಕ್ಸಾಂಡ್ರಿಯದ ಬಿಷಪ್ ಅಥನೇಸಿಯಸ್ 367ರಲ್ಲಿ ಬರೆದ ಈಸ್ಟರ್ ಪತ್ರದಲ್ಲಿ. ತನ್ನ ಪಟ್ಟಿಯನ್ನು ಕ್ಯಾಥೊಲಿಕ್ ಸಭೆ ಟ್ರೆಂಟ್ ಮಹಾಸಭೆಯಲ್ಲಿ ಕಡ್ಡಾಯವಾಗಿ ಗೊತ್ತುಮಾಡಿದ್ದು 1546ರಲ್ಲಿ. ಯಾವ ಪುಸ್ತಕ ದೈವಪ್ರೇರಿತ ಎಂದು ಗುರುತಿಸುವ ಕೆಲಸ ಮನುಷ್ಯರ ಸಭೆಗಳಲ್ಲಿ, ಮನುಷ್ಯರ ವಾದವಿವಾದಗಳಲ್ಲೇ ನಡೆಯಿತು.

ಬರೆದವರ ಮಾತು ಇನ್ನೂ ನೇರ. ಲೂಕ ತನ್ನ ಸುವಾರ್ತೆಯನ್ನು ದರ್ಶನದಿಂದ ಶುರುಮಾಡುವುದಿಲ್ಲ. ತನಗಿಂತ ಮೊದಲೇ ಹಲವರು ಬರೆದಿದ್ದಾರೆ, ಕಣ್ಣಾರೆ ಕಂಡವರು ಹೇಳಿದ್ದನ್ನು ತಾನು ವಿಚಾರಿಸಿ ಕ್ರಮವಾಗಿ ಬರೆಯುತ್ತಿದ್ದೇನೆ ಎನ್ನುತ್ತಾನೆ. ಒಬ್ಬ ಒಳ್ಳೆಯ ಚರಿತ್ರೆಕಾರ ಆಡುವ ಮಾತು ಅದು. ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಪೌಲ, ತಾನು ಅಲ್ಲಿ ಯಾರಿಗೆಲ್ಲ ದೀಕ್ಷಾಸ್ನಾನ ಕೊಟ್ಟೆ ಎಂದು ಎಣಿಸಲು ಹೋಗಿ, ಬೇರೆ ಯಾರಿಗಾದರೂ ಕೊಟ್ಟೆನೋ ನೆನಪಿಲ್ಲ ಎಂದು ಒಪ್ಪಿಕೊಳ್ಳುತ್ತಾನೆ. ಅದೇ ಪತ್ರದ ಏಳನೇ ಅಧ್ಯಾಯದಲ್ಲಿ, ಇದು ಕರ್ತನ ಅಪ್ಪಣೆ, ಇದು ನನ್ನ ಸ್ವಂತ ಅಭಿಪ್ರಾಯ ಎಂದು ಎರಡನ್ನೂ ಬೇರೆ ಮಾಡಿ ಹೇಳುತ್ತಾನೆ. ದೇವರು ಹೇಳಿ ಬರೆಸುತ್ತಿದ್ದಾನೆ ಎಂದುಕೊಂಡವನು ಹೀಗೆ ಬರೆಯುವುದಿಲ್ಲ.

ಹೇಳಿ ಬರೆಸಿದ ಪ್ರಸಂಗವೂ ಬೈಬಲಿನಲ್ಲಿ ಇಲ್ಲದಿಲ್ಲ. ಪ್ರವಾದಿ ಯೆರೆಮೀಯ ಬಾಯಿಂದ ಹೇಳುತ್ತಾನೆ, ಲಿಪಿಕಾರ ಬಾರೂಕ ಸುರುಳಿಯಲ್ಲಿ ಬರೆಯುತ್ತಾನೆ. ರಾಜ ಯೆಹೋಯಾಕೀಮನ ಮುಂದೆ ಅದನ್ನು ಓದುತ್ತಾರೆ. ಚಳಿಗಾಲ, ಮುಂದೆ ಅಗ್ಗಿಷ್ಟಿಕೆ ಉರಿಯುತ್ತಿದೆ. ಮೂರು ನಾಲ್ಕು ಅಂಕಣ ಓದಿದಂತೆಲ್ಲ ರಾಜ ಚಾಕುವಿನಿಂದ ಆ ಭಾಗವನ್ನು ಕತ್ತರಿಸಿ ಬೆಂಕಿಗೆ ಹಾಕುತ್ತಾನೆ. ಯೆರೆಮೀಯ ಇನ್ನೊಂದು ಸುರುಳಿ ತರಿಸಿ ಮತ್ತೆ ಬರೆಸುತ್ತಾನೆ. ಈ ಸಲ ಹಳೆಯ ಮಾತುಗಳ ಜೊತೆಗೆ ಅಂಥವೇ ಇನ್ನೂ ಅನೇಕ ಮಾತುಗಳು ಸೇರಿದವು ಎಂದು ಅದೇ 36ನೇ ಅಧ್ಯಾಯ ಹೇಳುತ್ತದೆ. ದೇವರ ಮಾತೆಂದು ನಂಬಿದ್ದನ್ನೇ ಎರಡನೇ ಸಲ ಬರೆಯುವಾಗ ಹಿಗ್ಗಿಸಿ ಬರೆದರು, ಅದನ್ನು ಮುಚ್ಚಿಡಲಿಲ್ಲ.

ಈ ಮುಚ್ಚಿಡದ ಗುಣ ಬೈಬಲಿನ ಉದ್ದಕ್ಕೂ ಕಾಣುತ್ತದೆ, ನನಗೆ ಆ ಗ್ರಂಥದ ಮೇಲೆ ಗೌರವ ಹುಟ್ಟಿಸುವುದೂ ಅದೇ. ದಾವೀದನನ್ನು ಜನಗಣತಿಗೆ ಎಬ್ಬಿಸಿದ್ದು ದೇವರ ಕೋಪ ಎನ್ನುತ್ತದೆ ಸಮುವೇಲನ ಎರಡನೇ ಪುಸ್ತಕ. ಸೈತಾನ ಎನ್ನುತ್ತದೆ ಪೂರ್ವಕಾಲವೃತ್ತಾಂತ. ಇಸ್ಕರಿಯೋತ ಯೂದ ನೇಣು ಹಾಕಿಕೊಂಡ ಎನ್ನುತ್ತಾನೆ ಮತ್ತಾಯ. ತಲೆಕೆಳಗಾಗಿ ಬಿದ್ದು ಹೊಟ್ಟೆಯೊಡೆದು ಸತ್ತ ಎಂದಿದೆ ಅಪೊಸ್ತಲರ ಕೃತ್ಯಗಳಲ್ಲಿ. ಬಾಬೆಲಿನ ನೆಬೂಕದ್ನೆಚ್ಚರ ತೂರ್ ಪಟ್ಟಣವನ್ನು ಕೆಡವಿ ಕೊಳ್ಳೆ ಹೊಡೆಯುತ್ತಾನೆ ಎಂದು ಯೆಹೆಜ್ಕೇಲ 26ನೇ ಅಧ್ಯಾಯದಲ್ಲಿ ಪ್ರವಾದನೆ ನುಡಿದ. 29ನೇ ಅಧ್ಯಾಯಕ್ಕೆ ಬರುವಾಗ, ಅಷ್ಟು ದುಡಿದರೂ ತೂರಿನಿಂದ ಅವನಿಗೂ ಅವನ ಸೈನ್ಯಕ್ಕೂ ಕೂಲಿ ಹುಟ್ಟಲಿಲ್ಲ, ಅದಕ್ಕೆ ಪ್ರತಿಯಾಗಿ ಐಗುಪ್ತ ಸಿಗುತ್ತದೆ ಎಂದು ಅದೇ ಪ್ರವಾದಿಯ ಮಾತಿದೆ. ಸಂಪಾದಿಸಿದವರು ಮನಸ್ಸು ಮಾಡಿದ್ದರೆ ಮೊದಲಿನದನ್ನು ತೆಗೆದುಹಾಕಬಹುದಿತ್ತು. ಎರಡನ್ನೂ ಉಳಿಸಿದರು. ಇವನ್ನೆಲ್ಲ ಹೇಗಾದರೂ ಹೊಂದಿಸಿ ತೋರಿಸುವ ಪುಸ್ತಕಗಳು ಬೇಕಾದಷ್ಟಿವೆ. ನೇಣಿನ ಹಗ್ಗ ಕಡಿದು ಬಿದ್ದ ಎಂಬಂಥ ಸಮಾಧಾನಗಳು. ಮೂಲ ಲೇಖಕರಿಗೆ ಬೇಡವಾದ ಸಮಾಧಾನ ಅದು.

ಹಾಗಾದರೆ ಸಭೆಗಳು ಏನು ಹೇಳುತ್ತವೆ? 1978ರಲ್ಲಿ ಅಮೆರಿಕದ ಷಿಕಾಗೋದಲ್ಲಿ ಸೇರಿದ ಇವ್ಯಾಂಜೆಲಿಕಲ್ ಮುಖಂಡರು ಬೈಬಲ್ ಎಲ್ಲ ವಿಷಯದಲ್ಲೂ, ಚರಿತ್ರೆ ವಿಜ್ಞಾನಗಳಲ್ಲೂ, ದೋಷರಹಿತ ಎಂದು ಘೋಷಣೆ ಹೊರಡಿಸಿದರು. ನಮ್ಮ ಕಡೆಯ ಅನೇಕ ಸ್ವತಂತ್ರ ಸಭೆಗಳ ಪಾಸ್ಟರುಗಳು ಬೋಧಿಸುವುದೂ ಸುಮಾರಾಗಿ ಇದನ್ನೇ. ಆದರೆ ಆ ಘೋಷಣೆಯವರೂ ದೋಷರಹಿತ ಎಂದದ್ದು ಲೇಖಕರ ಮೂಲಪ್ರತಿಯನ್ನು. ಮೂಲಪ್ರತಿ ಒಂದೂ ಉಳಿದಿಲ್ಲ. ಉಳಿದ ನಕಲುಗಳಲ್ಲಿ ನಾಲ್ಕನೇ ಶತಮಾನದ ಎರಡು ಮುಖ್ಯ ಪ್ರತಿಗಳು ಮಾರ್ಕನ ಸುವಾರ್ತೆಯನ್ನು 16ನೇ ಅಧ್ಯಾಯದ ಎಂಟನೇ ವಚನಕ್ಕೇ ನಿಲ್ಲಿಸುತ್ತವೆ. ಮುಂದಿನ ಹನ್ನೆರಡು ವಚನ ಅವುಗಳಲ್ಲಿಲ್ಲ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸನ್ನು ಕಲ್ಲೇಟಿನಿಂದ ಯೇಸು ಉಳಿಸಿದ ಪ್ರಸಂಗವೂ ಯೋಹಾನನ ಅತಿ ಹಳೆಯ ಪ್ರತಿಗಳಲ್ಲಿ ಇಲ್ಲ. ಯೇಸುವಿನ ಮನಸ್ಸು ಅದಕ್ಕಿಂತ ಚೆನ್ನಾಗಿ ತಿಳಿಯುವ ಪ್ರಸಂಗ ಇನ್ನೊಂದು ಸಿಕ್ಕುವುದು ಕಷ್ಟ. ಅದನ್ನು ಕೈಬಿಡಿ ಎಂದು ಯಾವ ಸಭೆಯೂ ಹೇಳಿಲ್ಲ, ಹೇಳಬಾರದು ಕೂಡ.

ಇನ್ನೊಂದು ಕಡೆ, ನಕಲು ಮಾಡಿದವರು ಮನಸ್ಸಿಗೆ ಬಂದಂತೆ ತಿದ್ದಿದರು ಎಂಬ ಆರೋಪವೂ ನಿಲ್ಲುವುದಿಲ್ಲ. 1947ರಿಂದ ಮೃತ ಸಮುದ್ರದ ಬಳಿಯ ಕುಮ್ರಾನ್ ಗವಿಗಳಲ್ಲಿ ಸಿಕ್ಕ ಸುರುಳಿಗಳಲ್ಲಿ ಯೆಶಾಯನ ಇಡೀ ಪುಸ್ತಕವಿದೆ. ಅದುವರೆಗೆ ಕೈಯಲ್ಲಿದ್ದ ಹೀಬ್ರೂ ಪ್ರತಿಗಳಿಗಿಂತ ಅದು ಸುಮಾರು ಸಾವಿರ ವರ್ಷ ಹಳೆಯದು. ಸಣ್ಣಪುಟ್ಟ ಪಾಠಾಂತರಗಳು ಬೇಕಾದಷ್ಟಿದ್ದರೂ ಪುಸ್ತಕ ಬಹುಮಟ್ಟಿಗೆ ಅದೇ.

ಕ್ಯಾಥೊಲಿಕರ ಎರಡನೇ ವ್ಯಾಟಿಕನ್ ಮಹಾಸಭೆ 1965ರ ನವೆಂಬರ್ 18ರಂದು ಹೊರಡಿಸಿದ ದಸ್ತಾವೇಜು ನನಗೆ ಹೆಚ್ಚು ಸಮಂಜಸವೆನಿಸುತ್ತದೆ. ದೇವರು ಗ್ರಂಥದ ಕರ್ತೃ, ಆದರೆ ಬರೆದ ಮನುಷ್ಯರೂ ತಮ್ಮ ಶಕ್ತಿಸಾಮರ್ಥ್ಯಗಳನ್ನು ಬಳಸಿ ಬರೆದ ನಿಜವಾದ ಕರ್ತೃಗಳೇ ಎಂದು ಅದು ಹೇಳುತ್ತದೆ. ಮನುಷ್ಯನ ರಕ್ಷಣೆಗಾಗಿ ತಿಳಿಸಬೇಕೆಂದು ದೇವರು ಬಯಸಿದ ಸತ್ಯವನ್ನು ಬೈಬಲ್ ತಪ್ಪಿಲ್ಲದೆ ಕಲಿಸುತ್ತದೆ ಎಂಬುದು ಅದರ ನಿಲುವು. ಹೀಗೆಂದಾಗ ಯೂದ ಹೇಗೆ ಸತ್ತ ಎಂಬುದರ ಮೇಲೆ ನಂಬಿಕೆ ನಿಲ್ಲಬೇಕಾಗಿಲ್ಲ. ಅದಕ್ಕಿಂತ ಮುಖ್ಯವಾದ ಮಾತು ಯೋಹಾನನ ಸುವಾರ್ತೆಯ ಮೊದಲ ಅಧ್ಯಾಯದಲ್ಲೇ ಇದೆ. ಅದರ ಪ್ರಕಾರ ದೇವರ ವಾಕ್ಯ ಮನುಷ್ಯನಾಗಿ ಬಂತು, ಪುಸ್ತಕವಾಗಿ ಅಲ್ಲ. ಮುಸ್ಲಿಮರಿಗೆ ಕುರ್‌ಆನ್ ಇರುವ ಜಾಗದಲ್ಲಿ ಕ್ರೈಸ್ತರಿಗೆ ಇರುವುದು ಯೇಸುವೇ. ಬೈಬಲ್ ಆತನ ಬಗ್ಗೆ ಸಾಕ್ಷಿ ಹೇಳುವ ಗ್ರಂಥ. ಇದನ್ನು ಮರೆತು ಎರಡು ಧರ್ಮದವರೂ ಪುಸ್ತಕಕ್ಕೆ ಪುಸ್ತಕವನ್ನು ಎದುರಿಟ್ಟು ವಾದಿಸುವುದನ್ನು ನೋಡಿದರೆ ಬೇಸರವಾಗುತ್ತದೆ.

ಭೂಮಿ ಶೂನ್ಯದಲ್ಲಿ ತೂಗುತ್ತಿದೆ ಎಂದು ಯೋಬನ ಪುಸ್ತಕ ಆಗಲೇ ಹೇಳಿತ್ತು, ಆದ್ದರಿಂದ ಬೈಬಲ್ ದೈವಪ್ರೇರಿತ ಎಂಬ ಕರಪತ್ರದ ವಾದವನ್ನು ಹೆಚ್ಚು ಬೆಳೆಸಬೇಕಾಗಿಲ್ಲ. ಅದೇ ಯೋಬನ 9ನೇ ಅಧ್ಯಾಯದಲ್ಲಿ ಭೂಮಿಗೆ ಕಂಬಗಳಿವೆ. ವೇದದಲ್ಲಿ ವಿಮಾನ ಹುಡುಕುವವರ ಮಾತಿನಷ್ಟೇ ಇದೂ ದುರ್ಬಲ. ಪಾಪ ಮಾಡದವನಿಗೆ ಯಾಕೆ ಕಷ್ಟ ಎಂದು ದೇವರನ್ನೇ ಕಟಕಟೆಗೆ ಕರೆಯುವ ಯೋಬನಂಥ ಪುಸ್ತಕವನ್ನು ಖಗೋಳದ ಒಂದು ವಚನಕ್ಕಾಗಿ ತಿರುವಿ ಹಾಕುವುದು ಅದಕ್ಕೆ ಮಾಡುವ ಅನ್ಯಾಯ.

ನಿಜವಾಗಿ ಭಾರವಾದ ಆಕ್ಷೇಪ ಬೇರೆ ಇದೆ, ಅದಕ್ಕೆ ಮುಖ ತಿರುಗಿಸಬಾರದು. ಯೆಹೋಶುವನ ಆರನೇ ಅಧ್ಯಾಯದಲ್ಲಿ ಯೆರಿಕೋ ಪಟ್ಟಣದ ಗಂಡಸರು, ಹೆಂಗಸರು, ಎಳೆಯರು, ಮುದುಕರು ಎಲ್ಲರನ್ನೂ ಕತ್ತಿಗೆ ಆಹುತಿ ಕೊಡುತ್ತಾರೆ. ಸಮುವೇಲನ ಮೊದಲ ಪುಸ್ತಕದ 15ನೇ ಅಧ್ಯಾಯದಲ್ಲಿ ಅಮಾಲೇಕ್ಯರ ಮೊಲೆಗೂಸುಗಳನ್ನೂ ಬಿಡಬೇಡ ಎಂದು ಅಪ್ಪಣೆಯಾಗುತ್ತದೆ, ದೇವರ ಹೆಸರಿನಲ್ಲೇ. ಪ್ರತಿ ಅಕ್ಷರವೂ ದೇವರದು ಎನ್ನುವವರು ಈ ಅಪ್ಪಣೆಯನ್ನೂ ದೇವರ ತಲೆಗೆ ಕಟ್ಟಬೇಕಾಗುತ್ತದೆ. ನಾನು ಕಟ್ಟಲಾರೆ. ಯುದ್ಧದಲ್ಲಿ ಮನುಷ್ಯರು ಮಾಡಿದ್ದನ್ನು ದೇವರ ಅಪ್ಪಣೆ ಎಂದು ನಂಬಿಕೊಂಡ ಕಾಲದ ಮಾತು ಅದು. ಹೀಗೆ ಓದುವ ಕೀಲಿಯನ್ನು ಸ್ವತಃ ಯೇಸುವೇ ಕೊಟ್ಟಿದ್ದಾನೆ. ಮಾರ್ಕನ ಹತ್ತನೇ ಅಧ್ಯಾಯದಲ್ಲಿ ಹೆಂಡತಿಯನ್ನು ಬಿಡಬಹುದು ಎಂಬ ಧರ್ಮಶಾಸ್ತ್ರದ ವಿಧಿಯನ್ನು ಎದುರಿಗೆ ಹಿಡಿದಾಗ, ಮೋಶೆ ಹಾಗೆ ಬರೆದದ್ದು ನಿಮ್ಮ ಕಲ್ಲುಮನಸ್ಸನ್ನು ನೋಡಿ ಎನ್ನುತ್ತಾನೆ. ಶಾಸ್ತ್ರದಲ್ಲಿ ಬರೆದಿದೆ ಎಂಬ ಒಂದೇ ಕಾರಣಕ್ಕೆ ಅದು ದೇವರ ಕೊನೆಯ ಇಚ್ಛೆಯಾಗುವುದಿಲ್ಲ ಎಂಬುದು ಬೈಬಲಿನೊಳಗಿನ ಮಾತೇ.

ಕರುವಿಗೆ ತಕರಾರು ತೆಗೆದವರ ಇನ್ನೊಂದು ಮುಖವನ್ನೂ ಇಲ್ಲಿ ಹೇಳಲೇಬೇಕು. ಅವರನ್ನು ಕಾಡಿದ್ದು ಜೀವದಯೆಗಿಂತ ಹೆಚ್ಚಾಗಿ ಜಾತಿಯ ಮರ್ಯಾದೆ. ದನದ ಮಾಂಸ ತಿನ್ನುವವರ ಸಾಲಿಗೆ ತಮ್ಮನ್ನು ಸೇರಿಸಿಬಿಡುತ್ತಾರೆ ಎಂಬ ಅಂಜಿಕೆ. ಅದೇ ದೇವರನ್ನು ನಂಬಿದ, ದನದ ಮಾಂಸ ಉಣ್ಣುತ್ತಿದ್ದ ಕ್ರೈಸ್ತರನ್ನು ಯಾರೂ ಅಭಿಪ್ರಾಯ ಕೇಳಲಿಲ್ಲ. ಕಥೆಯ ತಂದೆ ಹಂದಿ ಕಾಯ್ದು ಬಂದ ಮಗನನ್ನು ಮೈಲಿಗೆ ಎಣಿಸದೆ ತಬ್ಬಿಕೊಂಡ. ಕಥೆ ಕೇಳಿದವರು ಪಕ್ಕದವರಿಂದ ದೂರ ಉಳಿಯುವ ದಾರಿ ಹುಡುಕಿದರು. ದುಬುವಾ ಅವರ ಪುಸ್ತಕ ಬಂದ ದಶಕದ ನಂತರ, 1833ರಲ್ಲಿ, ಕಲ್ಕತ್ತಾದ ಬಿಷಪ್ ಡೇನಿಯಲ್ ವಿಲ್ಸನ್ ಸಭೆಯೊಳಗೆ ಜಾತಿಭೇದ ಕೂಡದೆಂದು ಆಜ್ಞೆ ಹೊರಡಿಸಿದಾಗ ತಂಜಾವೂರಿನ ಕಡೆ ಅನೇಕರು ಸಭೆಯನ್ನೇ ತೊರೆದರು. ತಿರುನೆಲ್ವೇಲಿ ಸೀಮೆಯ ವಡಕ್ಕನ್‌ಕುಳಂನಲ್ಲಿ ಜಾತಿಗೊಂದು ಕಡೆಯಂತೆ ಕೂರಲು ಎರಡು ಕವಲಿನ ಚರ್ಚನ್ನೇ ಕಟ್ಟಿದರು. ಎರಡೂ ಕವಲಿನಲ್ಲಿ ಕೂತವರು ಕೇಳುತ್ತಿದ್ದದ್ದು ಒಂದೇ ಸುವಾರ್ತೆಯ ವಾಚನ.

ಪುಸ್ತಕ ದೈವಪ್ರೇರಿತವೇ ಎಂಬುದನ್ನು ದೋಷರಹಿತತೆಯಿಂದಾಗಲಿ ನೆರವೇರಿದ ಪ್ರವಾದನೆಗಳ ಪಟ್ಟಿಯಿಂದಾಗಲಿ ಯಾರೂ ಸಾಬೀತು ಮಾಡಲಾರರು ಎಂಬುದು ನನ್ನ ಖಚಿತ ಅಭಿಪ್ರಾಯ. ವಿರೋಧಗಳ ಪಟ್ಟಿ ಮಾಡಿ ಅದನ್ನು ಸುಳ್ಳೆಂದು ತೋರಿಸಲೂ ಆಗದು. ಬರೆದ ಕೈ ಮನುಷ್ಯರದು. ಅದಕ್ಕೆ ಪುರಾವೆ ಪುಟಪುಟದಲ್ಲೂ ಇದೆ. ಆ ಕೈಯ ಹಿಂದೆ ದೇವರಿದ್ದಾನೆ ಎಂಬುದು ಒಂದು ಸಮುದಾಯ ತನ್ನ ಬದುಕಿನಿಂದ ಹೇಳುವ ಸಾಕ್ಷಿ. ಆ ಸಾಕ್ಷಿ ನಂಬುವಂಥದ್ದು ಹೌದೇ ಎಂಬುದನ್ನು, ಪುಸ್ತಕ ಓದಿದವರು ಪಕ್ಕದ ಮನೆಯವನೊಂದಿಗೆ ಹೇಗೆ ನಡೆದುಕೊಂಡರು ಎಂಬುದರ ಮೇಲೆ ನೋಡಬೇಕು. ಕ್ರೈಸ್ತರಲ್ಲದವರನ್ನೂ ಆ ಪುಸ್ತಕ ತಟ್ಟಿದೆ. ಕಾಸರಗೋಡಿನ ಕಡೆಯ ಮಂಜೇಶ್ವರದ ಗೋವಿಂದ ಪೈ ಮತ ಬದಲಿಸದೆಯೇ ಯೇಸುವಿನ ಕೊನೆಯ ದಿನದ ಮೇಲೆ ‘ಗೊಲ್ಗೊಥಾ’ ಬರೆದರು. ಕನ್ನಡದ ಶ್ರೇಷ್ಠ ಖಂಡಕಾವ್ಯಗಳಲ್ಲಿ ಅದೂ ಒಂದು.

ಆದ್ದರಿಂದ ಓದುಗರಲ್ಲಿ ನನ್ನದೊಂದು ಕೋರಿಕೆ. ಪರವಾಗಿಯೋ ವಿರೋಧವಾಗಿಯೋ ಕೈಗೆ ಬಂದ ಒಂದೆರಡು ವಚನ ಹಿಡಿದು ತೀರ್ಮಾನಕ್ಕೆ ಬರಬೇಡಿ. ಮಾರ್ಕನ ಸುವಾರ್ತೆ ಬರೀ 16 ಅಧ್ಯಾಯ, ಒಂದು ಸಂಜೆಯ ಓದು. ಅದನ್ನು ಮೊದಲಿಂದ ಕೊನೆಯವರೆಗೆ ಓದಿ. ಆಮೇಲೆ ಯೋಬನ ಪುಸ್ತಕ ಓದಿ, ಯೆರಿಕೋದ ಅಧ್ಯಾಯವನ್ನೂ ಬಿಡದೆ ಓದಿ. ನಿಮ್ಮ ಊರಿನ ಪಾದ್ರಿಯನ್ನೋ ಪಾಸ್ಟರನ್ನೋ ಕಂಡು ಆ ಅಧ್ಯಾಯದ ಬಗ್ಗೆ ಅಳುಕಿಲ್ಲದೆ ಪ್ರಶ್ನೆ ಕೇಳಿ. ದೇವರ ಮಾತೆಂದು ನಂಬಿದವರಿಗೆ ಪ್ರಶ್ನೆಯನ್ನು ಎದುರಿಸುವ ಹೊಣೆಯೂ ಇದೆ.